ಚಾಸಿಸ್ ಬ್ರೇಸ್: ಕಾರಿಗೆ ಹೆಚ್ಚುವರಿ ಕಂಬಿ ಹಾಕಿಸಿದರೆ ಏನಾಗುತ್ತದೆ?

ಬಾನೆಟ್ ಎತ್ತಿದ ಕೂಡಲೇ ಎಂಜಿನ್ ಮೇಲೆ ಎಡದಿಂದ ಬಲಕ್ಕೆ ಅಡ್ಡಲಾಗಿ ಹೊಳೆಯುವ ಒಂದು ಕಂಬಿ. ಮೊದಲೆಲ್ಲ ರ‍್ಯಾಲಿ ಕಾರುಗಳಲ್ಲಿ ಹೆಚ್ಚಾಗಿ ಕಾಣುತ್ತಿದ್ದ ಇದು ಈಗ ಆಫೀಸಿಗೆ ಹೋಗಿಬರುವ ಸ್ವಿಫ್ಟ್, ಪೋಲೋಗಳಲ್ಲೂ ಕಣ್ಣಿಗೆ ಬೀಳುತ್ತದೆ. ಆನ್‌ಲೈನ್ ಮಳಿಗೆಗಳಲ್ಲಿ ಕಾರಿನ ಹೆಸರು ಹಾಕಿ ಹುಡುಕಿದರೆ ಮುಂದಕ್ಕೊಂದು, ಹಿಂದಕ್ಕೊಂದು, ಹೊಟ್ಟೆಯಡಿಗೆ ಎರಡು ಎಂದು ಸೆಟ್ಟುಗಟ್ಟಲೆ ಸಿಗುತ್ತವೆ. ಹಾಕಿಸಿಕೊಂಡ ಕೆಲವರು ಘಾಟಿಯ ತಿರುವಿನಲ್ಲಿ ಕಾರು ನೆಲಕ್ಕೆ ಅಂಟಿಕೊಂಡ ಹಾಗೆ ಹೋಗುತ್ತದೆ ಅನ್ನುತ್ತಾರೆ. ಹಾಕಿಸಿಯೂ ಏನೂ ವ್ಯತ್ಯಾಸ ಕಾಣದೆ ಬಿಚ್ಚಿಟ್ಟವರೂ ಇದ್ದಾರೆ.

ಇಬ್ಬರ ಮಾತೂ ನಿಜವಿರಬಹುದು. ಕಾರಿನ ಮೈ ಎಲ್ಲಿ ಮಣಿಯುತ್ತಿದೆ, ಕಂಬಿ ಅದೇ ಜಾಗವನ್ನು ಹಿಡಿದಿದೆಯೇ ಎನ್ನುವುದರ ಮೇಲೆ ಎಲ್ಲವೂ ನಿಂತಿದೆ. ಹಣ ಕೊಡುವ ಮುನ್ನ ಇಷ್ಟು ತಿಳಿದಿರಬೇಕು, ಏಕೆಂದರೆ ತಪ್ಪು ಜಾಗದಲ್ಲಿ ಹಾಕಿದ ಕಂಬಿ ಕಾರಿಗೆ ತೂಕವೇ ಹೊರತು ಬಲವಲ್ಲ.

ಕಬ್ಬಿಣದ ಕಾರು ಮಣಿಯುವುದು ಹೇಗೆ?

ಹಳೆಯ ಕಾಲದ ಕಾರು ಎಂದರೆ ಕೆಳಗೆ ಏಣಿಯ ಆಕಾರದ ಒಂದು ಚೌಕಟ್ಟು, ಅದರ ಮೇಲೆ ಕೂರಿಸಿದ ಬಾಡಿ. ಲಾರಿಗಳು ಇಂದಿಗೂ ಹಾಗೆಯೇ ಇವೆ. ಆ ಚೌಕಟ್ಟಿಗೇ ಚಾಸಿಸ್ ಎಂದು ಹೆಸರು. 1922ರಲ್ಲಿ ಇಟಲಿಯ ಲಾನ್ಸಿಯಾ ಲ್ಯಾಂಬ್ಡಾ, 1934ರಲ್ಲಿ ಫ್ರಾನ್ಸಿನ ಸಿಟ್ರೊಯೆನ್ ಟ್ರಾಕ್ಸಿಯೋಂ ಅವಾಂ ಬಂದಮೇಲೆ ಬೇರೊಂದು ದಾರಿ ತೆರೆಯಿತು: ಪ್ರತ್ಯೇಕ ಚೌಕಟ್ಟೇ ಇಲ್ಲ, ಬಾಡಿಯೇ ಭಾರ ಹೊರುತ್ತದೆ. ಇದಕ್ಕೆ ಮೊನೊಕಾಕ್ ಅನ್ನುತ್ತಾರೆ. ನಮ್ಮ ಅಂಬಾಸಡರ್ ಕೂಡ ಮೊನೊಕಾಕ್ ಕಾರೇ. ಇಂದಿನ ಹೆಚ್ಚುಕಡಿಮೆ ಎಲ್ಲ ಸಣ್ಣ ಕಾರುಗಳೂ ಹೀಗೆಯೇ. ಬಿಡದಿಯ ಟೊಯೋಟಾ ಕಾರ್ಖಾನೆಯಿಂದ ಎರಡೂ ಬಗೆಯವು ಹೊರಬಂದಿವೆ. ಇನೋವಾ ಕ್ರಿಸ್ಟಾ ಏಣಿ ಚೌಕಟ್ಟಿನದು, ಇನೋವಾ ಹೈಕ್ರಾಸ್ ಮೊನೊಕಾಕ್.

ಮೊನೊಕಾಕ್ ಬಾಡಿ ಎಂದರೆ ಒತ್ತಿ ಆಕಾರ ಕೊಟ್ಟ ತೆಳು ಉಕ್ಕಿನ ತಗಡುಗಳು. ಒಂದೊಂದೇ ತಗಡು ಕೈಯಲ್ಲಿ ಬಾಗುವಷ್ಟು ತೆಳು. ಸಾವಿರಾರು ಸ್ಪಾಟ್ ವೆಲ್ಡ್‌ಗಳಿಂದ ಸೇರಿಸಿ ಪೆಟ್ಟಿಗೆ ಮಾಡಿದಾಗ ಬಿಗಿಯಾಗುತ್ತದೆ. ಆದರೆ ಪೂರ್ತಿ ಬಿಗಿಯಾದ ವಸ್ತು ಯಾವುದೂ ಇಲ್ಲ.

ಎಷ್ಟು ಮಣಿಯುತ್ತದೆ ಎಂದು ಅಳೆಯಲು ಎಂಜಿನಿಯರುಗಳು ಕಾರಿನ ಹಿಂಭಾಗವನ್ನು ಬಿಗಿಯಾಗಿ ಹಿಡಿದು ಮುಂಭಾಗವನ್ನು ಬಟ್ಟೆ ಹಿಂಡಿದ ಹಾಗೆ ತಿರುಚುತ್ತಾರೆ. ಒಂದು ಡಿಗ್ರಿ ತಿರುಚಲು ಎಷ್ಟು ನ್ಯೂಟನ್ ಮೀಟರ್ ಬಲ ಬೇಕಾಯಿತು ಎಂಬುದೇ ಆ ಬಾಡಿಯ ತಿರುಚು ಬಿಗಿತ. ಹಳೆಯ ಸಣ್ಣ ಕಾರುಗಳಲ್ಲಿ ಇದು 10,000ದ ಆಸುಪಾಸಿನಲ್ಲೋ ಅದಕ್ಕೂ ಕೆಳಗೋ ಇರುತ್ತಿತ್ತು. ಇಂದಿನ ಒಳ್ಳೆಯ ಸೆಡಾನ್‌ಗಳಲ್ಲಿ 20,000 ದಾಟುವುದು ಸಾಮಾನ್ಯ.

ಅಂಕಿಯನ್ನು ರಸ್ತೆಗೆ ತಂದು ನೋಡೋಣ. ಕಾರಿನ ಎಡ ಮುಂಚಕ್ರ ಒಂದು ಉಬ್ಬಿನ ಮೇಲೆ ಏರಿತು ಎಂದುಕೊಳ್ಳಿ. ಆ ಚಕ್ರದ ಮೇಲೆ 150 ಕೆ.ಜಿ. ಭಾರ ಹೆಚ್ಚಾಯಿತು, ಬಲ ಚಕ್ರದ ಮೇಲೆ ಅಷ್ಟೇ ಕಡಿಮೆಯಾಯಿತು. ಎರಡು ಚಕ್ರಗಳ ನಡುವೆ 1.4 ಮೀಟರ್ ಅಂತರವಿದ್ದರೆ ಬಾಡಿಯನ್ನು ತಿರುಚುವ ಬಲ ಸುಮಾರು 2,000 ನ್ಯೂಟನ್ ಮೀಟರ್. ಬಾಡಿಯ ಬಿಗಿತ 10,000 ಇದ್ದರೆ ಅದು ಡಿಗ್ರಿಯ ಐದನೇ ಒಂದು ಪಾಲು ತಿರುಚಿಕೊಳ್ಳುತ್ತದೆ. ಅಂದರೆ ಹಿಂಭಾಗಕ್ಕೆ ಹೋಲಿಸಿದರೆ ಮುಂಭಾಗದ ಎಡ, ಬಲ ಅಂಚುಗಳ ಎತ್ತರದಲ್ಲಿ ಸುಮಾರು 5 ಮಿ.ಮೀ. ವ್ಯತ್ಯಾಸ. ಹಂಪ್ ಮೇಲೆ ಓರೆಯಾಗಿ ಹತ್ತಿಸಿದಾಗ ಹಳೇ ಕಾರಿನ ಡ್ಯಾಶ್‌ಬೋರ್ಡು ಕಿರಗುಟ್ಟುವುದು, ಬಾಗಿಲ ರಬ್ಬರು ಕೀಚಲು ದನಿ ಮಾಡುವುದು ಇದೇ 5 ಮಿ.ಮೀ. ಕಾರಣಕ್ಕೆ.

ಇಲ್ಲೊಂದು ಗೊಂದಲ ಮೊದಲೇ ಬಿಡಿಸಿಕೊಳ್ಳಬೇಕು. ಬಲವೇ ಬೇರೆ, ಬಿಗಿತವೇ ಬೇರೆ. ಹೈ ಸ್ಟ್ರೆಂತ್ ಸ್ಟೀಲ್ ಬಳಸಿದ್ದೇವೆ ಎಂದು ಕಂಪನಿಗಳು ಹೇಳುವಾಗ ಅದು ಮುರಿಯದೆ, ಶಾಶ್ವತವಾಗಿ ಬಾಗದೆ ಎಷ್ಟು ಭಾರ ತಡೆಯುತ್ತದೆ ಎನ್ನುವ ಮಾತು. ಅಪಘಾತದಲ್ಲಿ ಜೀವ ಉಳಿಸುವುದು ಅದು. ಆದರೆ ಸಣ್ಣ ಭಾರಕ್ಕೆ ಎಷ್ಟು ಮಣಿಯುತ್ತದೆ ಎನ್ನುವುದರಲ್ಲಿ ಸಾದಾ ಉಕ್ಕಿಗೂ ದುಬಾರಿ ಉಕ್ಕಿಗೂ ವ್ಯತ್ಯಾಸ ಇಲ್ಲವೆಂದೇ ಹೇಳಬಹುದು. ಬಿಗಿತ ಬರುವುದು ಆಕಾರದಿಂದ, ತಗಡಿನ ದಪ್ಪದಿಂದ, ಜೋಡಣೆಯಿಂದ.

ಓರೆ ಪಟ್ಟಿಯ ಕೆಲಸ

ಬ್ರೇಸ್ ಎಂದರೆ ಮಣಿಯುವ ಎರಡು ಜಾಗಗಳ ನಡುವೆ ಹಾಕುವ ಆಸರೆಯ ಕಂಬಿ. ಅದು ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಮನೆಯ ಪುಸ್ತಕದ ಕಪಾಟನ್ನು ನೋಡಿದರೆ ಸಾಕು. ಬರೀ ನಾಲ್ಕು ಹಲಗೆ ಸೇರಿಸಿ ಮೊಳೆ ಹೊಡೆದರೆ ಕಪಾಟು ಪಕ್ಕಕ್ಕೆ ವಾಲಾಡುತ್ತದೆ. ಹಲಗೆ ಎಷ್ಟೇ ದಪ್ಪವಿರಲಿ, ಮೂಲೆಗಳು ಸಡಿಲಗೊಂಡು ಆಯತ ಓರೆಯಾಗುತ್ತದೆ. ಬಡಗಿ ಹಿಂದೆ ಒಂದು ತೆಳು ಪ್ಲೈವುಡ್ ಹೊಡೆಯುತ್ತಾನೆ, ಅಥವಾ ಮೂಲೆಯಿಂದ ಮೂಲೆಗೆ ಒಂದು ಓರೆ ಪಟ್ಟಿ ಹಾಕುತ್ತಾನೆ. ಕಪಾಟು ಅಲ್ಲಾಡುವುದು ನಿಲ್ಲುತ್ತದೆ. ಪಟ್ಟಿ ಆಯತವನ್ನು ಎರಡು ತ್ರಿಕೋನ ಮಾಡಿತು. ಬದಿಗಳ ಉದ್ದ ಬದಲಾಗದೆ ತ್ರಿಕೋನದ ಆಕಾರ ಬದಲಾಗಲಾರದು.

ಕಾರಿನಲ್ಲಿ ಪ್ಲೈವುಡ್ ಇರಬೇಕಾದ ಜಾಗಗಳಲ್ಲಿ ದೊಡ್ಡ ದೊಡ್ಡ ಕಿಂಡಿಗಳಿವೆ. ಬಾಗಿಲುಗಳು, ಹ್ಯಾಚ್‌ಬ್ಯಾಕ್‌ನ ಹಿಂಬಾಗಿಲು, ಎಂಜಿನ್ ಕೂರುವ ತೆರೆದ ಗುಂಡಿ. ಮುಂದಿನ ಗಾಜು ಸುಮ್ಮನೆ ಕೂರಿಸಿದ್ದಲ್ಲ. ಈಗಿನ ಕಾರುಗಳಲ್ಲಿ ಅದನ್ನು ಬಲವಾದ ಅಂಟಿನಿಂದ ಅಂಟಿಸುವುದರಿಂದ ಅದೂ ಬಿಗಿತ ಕೊಡುತ್ತದೆ. ಗಾಜು ಬದಲಿಸುವಾಗ ಅಂಟು ಸರಿಯಾಗಿ ಒಣಗುವ ತನಕ ಕಾಯಬೇಕು ಎನ್ನುವುದಕ್ಕೆ ಇದೂ ಒಂದು ಕಾರಣ. ಚಾವಣಿಯನ್ನೇ ತೆಗೆದುಬಿಟ್ಟ ಕಾರು ಮಾತ್ರ ಹಿಂಪ್ಲೈ ಕಿತ್ತ ಕಪಾಟು.

ಮಣಿದರೆ ನಷ್ಟವೇನು?

ಹ್ಯಾಂಡ್ಲಿಂಗ್ ಎಂದರೆ ಸ್ಟಿಯರಿಂಗ್ ತಿರುಗಿಸಿದಾಗ, ಬ್ರೇಕ್ ಒತ್ತಿದಾಗ, ತಿರುವಿನಲ್ಲಿ ವೇಗವಾಗಿ ಹೋಗುವಾಗ ಕಾರು ಚಾಲಕನ ಮಾತು ಎಷ್ಟು ಚೆನ್ನಾಗಿ ಕೇಳುತ್ತದೆ ಎಂಬುದು. ಅದಕ್ಕೆ ಟೈರು ನೆಲವನ್ನು ಸರಿಯಾದ ಕೋನದಲ್ಲಿ ತುಳಿದಿರಬೇಕು. ಆ ಕೋನ ಕಾಯುವುದು ಸಸ್ಪೆನ್ಷನ್, ಅಂದರೆ ಚಕ್ರವನ್ನು ಬಾಡಿಗೆ ಸೇರಿಸುವ ಸ್ಪ್ರಿಂಗು, ಶಾಕ್ ಅಬ್ಸಾರ್ಬರ್, ತೋಳುಗಳ ಜೋಡಣೆ. ಸಸ್ಪೆನ್ಷನ್ ಬೋಲ್ಟ್ ಆಗಿರುವುದು ಬಾಡಿಗೆ. ಬಾಡಿ ಮಣಿದರೆ ಕೋನ ತಪ್ಪುತ್ತದೆ. ಮುಂಚಕ್ರವನ್ನು ಹಿಡಿದಿರುವ ಕಂಬದ, ಅಂದರೆ ಸ್ಟ್ರಟ್‌ನ, ಮೇಲ್ತುದಿ 1 ಮಿ.ಮೀ. ಪಕ್ಕಕ್ಕೆ ಸರಿದರೆ ಚಕ್ರದ ವಾಲು, ಅಂದರೆ ಕ್ಯಾಂಬರ್, ಡಿಗ್ರಿಯ ಹತ್ತನೇ ಒಂದು ಪಾಲು ಬದಲಾಗುತ್ತದೆ. ಒಂದೇ ಸಲಕ್ಕೆ ಇದು ದೊಡ್ಡದಲ್ಲ. ಆದರೆ ಬಾಡಿ ಒಂದು ಸ್ಪ್ರಿಂಗ್‌ನ ಹಾಗೆ ಬಾಗಿ ಮತ್ತೆ ವಾಪಸು ಬರುತ್ತದೆ, ಅದಕ್ಕೆ ಶಾಕ್ ಅಬ್ಸಾರ್ಬರ್ ಇಲ್ಲ. ಹಾಗಾಗಿ ಸ್ಟಿಯರಿಂಗ್ ತಿರುಗಿಸಿದ ಕ್ಷಣಕ್ಕೂ ಕಾರು ತಿರುಗುವ ಕ್ಷಣಕ್ಕೂ ನಡುವೆ ಒಂದು ಸಣ್ಣ ಅಸ್ಪಷ್ಟತೆ ಸೇರಿಕೊಳ್ಳುತ್ತದೆ.

ಬಾಡಿಯೂ ಒಂದು ಸ್ಪ್ರಿಂಗ್ ಎಂಬ ಈ ಮಾತಿನಲ್ಲೇ ಬ್ರೇಸ್ ಯಾರಿಗೆ ಬೇಕು ಎನ್ನುವ ಪ್ರಶ್ನೆಗೆ ಉತ್ತರವಿದೆ. ಸಸ್ಪೆನ್ಷನ್ ಸ್ಪ್ರಿಂಗ್ ಮತ್ತು ಬಾಡಿ ಎರಡೂ ಒಂದರ ಹಿಂದೊಂದು ಜೋಡಿಸಿದ ಸ್ಪ್ರಿಂಗ್‌ಗಳು. ಎರಡರಲ್ಲಿ ಮೆತ್ತಗಿರುವುದೇ ಹೆಚ್ಚು ಮಣಿಯುತ್ತದೆ. ಬರೀ ಲೆಕ್ಕಕ್ಕೆಂದು ಅಂಕಿಗಳನ್ನು ಇಟ್ಟುಕೊಳ್ಳೋಣ. ಕಂಪನಿಯ ಮೆತ್ತನೆ ಸಸ್ಪೆನ್ಷನ್‌ನ ಬಿಗಿತ 500, ಬಾಡಿಯದು 10,000 ಇದ್ದರೆ ಒಟ್ಟು ಮಣಿತದಲ್ಲಿ ಬಾಡಿಯ ಪಾಲು ನೂರಕ್ಕೆ 5ಕ್ಕಿಂತ ಕಡಿಮೆ. ಬ್ರೇಸ್ ಹಾಕಿ ಬಾಡಿಯನ್ನು 11,000ಕ್ಕೆ ಏರಿಸಿದರೂ ಆ ಪಾಲು ನೂರಕ್ಕೆ ಅರ್ಧದಷ್ಟು ಕೂಡ ಇಳಿಯುವುದಿಲ್ಲ. ಚಾಲಕನಿಗೆ ಅದು ತಿಳಿಯುವುದು ಕಷ್ಟ. ಇನ್ನೊಂದು ಕಾರು ಹಳೆಯದು, ಚಾವಣಿ ಇಲ್ಲದ್ದು, ಬಾಡಿಯ ಬಿಗಿತ 4,000 ಮಾತ್ರ. ಅದಕ್ಕೆ ರೇಸಿನ ಗಟ್ಟಿ ಸ್ಪ್ರಿಂಗ್ ಹಾಕಿ ಸಸ್ಪೆನ್ಷನ್ನನ್ನು 1,500 ಮಾಡಿದ್ದಾರೆ. ಅಲ್ಲಿ ಮಣಿತದ ಕಾಲು ಭಾಗಕ್ಕಿಂತ ಹೆಚ್ಚು ಬಾಡಿಯದೇ. ಬ್ರೇಸ್‌ಗಳಿಂದ ಬಾಡಿಯನ್ನು 6,000ಕ್ಕೆ ಏರಿಸಿದರೆ ಅದು ನೂರಕ್ಕೆ 27ರಿಂದ 20ಕ್ಕೆ ಇಳಿಯುತ್ತದೆ. ಎರಡನೆಯ ಕಾರಿನವರು ಹೊಗಳುವುದೂ, ಮೊದಲನೆಯವರು ಏನೂ ಗೊತ್ತಾಗಲಿಲ್ಲ ಅನ್ನುವುದೂ ಸರಿಯೇ.

ಎಂಜಿನ್ ಮೇಲಿನ ಆ ಕಂಬಿ

ಹೆಚ್ಚು ಮಾರಾಟವಾಗುವುದು ಸ್ಟ್ರಟ್ ಬಾರ್, ಅಂದರೆ ಮುಂದಿನ ಎರಡು ಸ್ಟ್ರಟ್ ಟವರ್‌ಗಳನ್ನು ಸೇರಿಸುವ ಕಂಬಿ. ಬಾನೆಟ್ ಒಳಗೆ ಎರಡೂ ಬದಿಗೆ ಗುಮ್ಮಟದಂತೆ ಮೂರೋ ನಾಲ್ಕೋ ನಟ್ಟುಗಳಿರುವ ಉಬ್ಬು ಕಾಣುತ್ತದಲ್ಲ, ಅದೇ ಟವರ್. ಫೋರ್ಡ್ ಕಂಪನಿಯಲ್ಲಿ ಕೆಲಸ ಮಾಡಿದ ಅರ್ಲ್ ಮ್ಯಾಕ್‌ಫರ್ಸನ್ ಹೆಸರಿನ ಸ್ಟ್ರಟ್ ಸಸ್ಪೆನ್ಷನ್ ಇಂದು ಬಹುತೇಕ ಸಣ್ಣ ಕಾರುಗಳ ಮುಂದೆ ಇದೆ, ಸ್ವಿಫ್ಟ್‌ನಲ್ಲೂ ಇದೆ. ಇದರಲ್ಲಿ ಶಾಕ್ ಅಬ್ಸಾರ್ಬರ್ರೇ ಚಕ್ರವನ್ನು ನೆಟ್ಟಗೆ ಹಿಡಿಯುವ ಕಂಬ. ಅದರ ಮೇಲ್ತುದಿ ಟವರ್‌ಗೆ, ಬುಡ ಲೋಯರ್ ಆರ್ಮ್‌ಗೆ, ಅಂದರೆ ಚಕ್ರವನ್ನು ಕೆಳಗಡೆ ಹಿಡಿದಿಡುವ ತೋಳಿಗೆ.

ತಿರುವಿನಲ್ಲಿ ಟೈರಿನ ಮೇಲೆ ಬೀಳುವ ಅಡ್ಡಬಲ ಹೇಗೆ ಹಂಚಿಕೆಯಾಗುತ್ತದೆ ನೋಡಿ. ಲೋಯರ್ ಆರ್ಮ್‌ನ ಬಾಲ್ ಜಾಯಿಂಟ್ ನೆಲದಿಂದ 20 ಸೆಂ.ಮೀ. ಎತ್ತರದಲ್ಲಿ, ಸ್ಟ್ರಟ್ ತುದಿ 75 ಸೆಂ.ಮೀ. ಎತ್ತರದಲ್ಲಿ ಇದೆ ಎಂದಿಟ್ಟುಕೊಂಡರೆ, ಸನ್ನೆಯ ಲೆಕ್ಕದಲ್ಲಿ ಟವರ್‌ಗೆ ಬರುವುದು ಟೈರಿನ ಅಡ್ಡಬಲದ ನೂರಕ್ಕೆ 36ರಷ್ಟು. ಲೋಯರ್ ಆರ್ಮ್‌ಗೆ ನೂರಕ್ಕೆ 136, ಅಂದರೆ ಟೈರಿನ ಬಲಕ್ಕಿಂತಲೂ ಜಾಸ್ತಿ. ಬಾನೆಟ್ ಎತ್ತಿ ತೋರಿಸಬಹುದಾದ ಕಂಬಿಗಿಂತ, ಕಾರಿನಡಿ ಮಲಗಿ ನೋಡಿದರೆ ಮಾತ್ರ ಕಾಣುವ ಲೋಯರ್ ಆರ್ಮ್ ಬ್ರೇಸ್‌ಗೇ ಹೆಚ್ಚು ದುಡಿಮೆ ಇರುವುದು ಇದಕ್ಕೇ. ಕೆಲವು ಕಾರುಗಳಲ್ಲಿ ಕಂಪನಿಯೇ ಅಲ್ಲಿ ದಪ್ಪನೆಯ ಸಬ್‌ಫ್ರೇಮ್, ಅಂದರೆ ಆರ್ಮ್‌ಗಳನ್ನು ಹೊರುವ ಉಪಚೌಕಟ್ಟು, ಕೊಟ್ಟಿರುತ್ತದೆ. ಅಂಥಲ್ಲಿ ಹೊಸ ಬ್ರೇಸ್‌ನಿಂದ ಸಿಗುವ ಲಾಭ ಅಷ್ಟೇನೂ ಇಲ್ಲ.

ಇನ್ನೊಂದು ಸೂಕ್ಷ್ಮವಿದೆ. ಕಾರು ಬಲಕ್ಕೆ ತಿರುಗುವಾಗ ಈ ಅಡ್ಡಬಲ ಎರಡೂ ಟವರ್‌ಗಳನ್ನು ಎಡಕ್ಕೇ ತಳ್ಳುತ್ತದೆ. ಹೊರಬದಿಯ ಟವರ್‌ಗೆ ಹೆಚ್ಚು, ಒಳಬದಿಯದಕ್ಕೆ ಕಡಿಮೆ. ಎರಡೂ ಒಂದೇ ದಿಕ್ಕಿಗೆ ವಾಲುತ್ತಿರುವಾಗ ಅವೆರಡನ್ನೇ ಒಂದಕ್ಕೊಂದು ಕಟ್ಟಿದರೆ ವಾಲುವುದು ನಿಲ್ಲುವುದಿಲ್ಲ. ಹೆಚ್ಚು ಭಾರ ಬಿದ್ದ ಟವರ್ ತನ್ನ ಹೊರೆಯ ಒಂದು ಪಾಲನ್ನು ಇನ್ನೊಂದಕ್ಕೆ ದಾಟಿಸುತ್ತದೆ, ಅಷ್ಟೇ. ಅದೂ ಲಾಭವೇ. ಆದರೆ ನಿಜವಾಗಿ ತಡೆಯಬೇಕೆಂದರೆ ಕಂಬಿ ಮೂರನೆಯ ಜಾಗವನ್ನೂ ಹಿಡಿಯಬೇಕು: ಎಂಜಿನ್‌ಗೂ ಚಾಲಕನಿಗೂ ನಡುವಿನ ಗೋಡೆಯನ್ನು, ಅಂದರೆ ಫೈರ್‌ವಾಲ್ ಅನ್ನು. ಆಗ ತ್ರಿಕೋನವಾಗುತ್ತದೆ.

ಇದು ಹೊಸ ಅರಿವಲ್ಲ. 1964ರಲ್ಲಿ ಬಂದ ಫೋರ್ಡ್ ಮಸ್ಟಾಂಗ್‌ನಲ್ಲಿ ಸ್ಪ್ರಿಂಗು ಮೇಲಿನ ಆರ್ಮ್ ಮೇಲೆ ಕೂತು ಟವರ್‌ನ ನೆತ್ತಿಯನ್ನೇ ಒತ್ತುತ್ತಿತ್ತು. ಮಾಮೂಲಿ ಕಾರಿನಲ್ಲಿ ಟವರ್‌ಗಳಿಂದ ಫೈರ್‌ವಾಲ್‌ಗೆ ಎರಡು ಬಿಡಿ ಪಟ್ಟಿಗಳಿದ್ದವು. ರಸ್ತೆ ಕೆಟ್ಟಿರುವ ದೇಶಗಳಿಗೆ ಕಳಿಸುವ ಕಾರುಗಳಿಗೆ ಮಾತ್ರ ಆ ಎರಡರ ಬದಲು ಒಂದೇ ತುಂಡಿನ ಗಟ್ಟಿ ಬ್ರೇಸ್ ಹಾಕುತ್ತಿದ್ದರು. ಅದಕ್ಕೆ 'ಎಕ್ಸ್‌ಪೋರ್ಟ್ ಬ್ರೇಸ್' ಎಂದೇ ಹೆಸರಾಯಿತು. ಎರಡು ಟವರ್‌ಗಳ ನಡುವೆ ಅಡ್ಡಲಾಗಿ ಹಾಕುವ ಕಂಬಿಗೆ 'ಮಾಂಟೆ ಕಾರ್ಲೋ ಬಾರ್' ಎಂಬ ಹೆಸರು ಬಂತು. 1965ರ ಶೆಲ್ಬಿ ಜಿಟಿ350ರಲ್ಲಿ ಎರಡೂ ಇದ್ದವು. ಜಪಾನಿನ ಹೋಂಡಾ ಇಂಟೆಗ್ರಾ ಟೈಪ್ ಆರ್ 1995ರಲ್ಲಿ ಕಾರ್ಖಾನೆಯಿಂದಲೇ ಸ್ಟ್ರಟ್ ಬಾರ್ ಹೊತ್ತು ಬಂತು. ಹಾಗಾಗಿ ಈ ಕಂಬಿಯನ್ನು ಬರೀ ಶೋಕಿ ಎಂದು ತಳ್ಳಿಹಾಕುವುದು ತಪ್ಪು. ಎಲ್ಲ ಕಾರಿಗೂ ಬೇಕು ಎನ್ನುವುದೂ ತಪ್ಪು.

ಚಾವಣಿ ಇಲ್ಲದ ಮಾಜ್ದಾ

ಬ್ರೇಸ್‌ಗಳ ವಿಷಯ ಅತಿ ಹೆಚ್ಚು ಚರ್ಚೆಯಾದ ಕಾರುಗಳಲ್ಲಿ ಜಪಾನಿನ ಮಾಜ್ದಾ ಎಂಎಕ್ಸ್-5 ಒಂದು. ನಮ್ಮ ದೇಶಕ್ಕೆ ಅದನ್ನು ಕಂಪನಿ ತರಲಿಲ್ಲ. 1989ರ ಶಿಕಾಗೊ ಪ್ರದರ್ಶನದಲ್ಲಿ ತೆರೆಕಂಡ ಈ ಎರಡು ಸೀಟಿನ ಕಾರು ಸಾವಿರ ಕೆ.ಜಿ. ಆಸುಪಾಸಿನ ಹಗುರ ಕಾರು, ಬಟ್ಟೆಯ ಚಾವಣಿ. ಹೊಂಡದ ರಸ್ತೆಯಲ್ಲಿ ಮುಂಗಾಜಿನ ಚೌಕಟ್ಟು, ಒಳಕನ್ನಡಿ ಅದುರುವುದು ಅದರ ಒಡೆಯರಿಗೆಲ್ಲ ಗೊತ್ತು.

ಮಾಜ್ದಾಗೂ ಗೊತ್ತಿತ್ತು. 1994ರ ಮಾದರಿಗೆ ದೊಡ್ಡ ಎಂಜಿನ್ ಕೊಟ್ಟಾಗ ಸೀಟುಗಳ ಹಿಂದೆ, ಸೀಟ್‌ಬೆಲ್ಟ್ ಗೂಟಗಳ ನಡುವೆ ಒಂದು ಅಡ್ಡ ಕಂಬಿ ಹಾಕಿದರು. ಹೊಟ್ಟೆಯಡಿ ಮುಂದೆ, ಹಿಂದೆ ಸಬ್‌ಫ್ರೇಮ್‌ಗಳಿಗೆ ಆಸರೆಗಳನ್ನು ಸೇರಿಸಿದರು. ಹಳೆಯ ಮಾದರಿ ಇದ್ದವರು ಈ ಬಿಡಿಭಾಗಗಳನ್ನೇ ತಂದು ತಮ್ಮ ಕಾರಿಗೆ ಬೋಲ್ಟ್ ಮಾಡಿಕೊಂಡರು.

ಹೊರಗಿನ ತಯಾರಕರು ಕೈಹಾಕಿದ್ದು ಇನ್ನೊಂದು ಜಾಗಕ್ಕೆ. ಈ ಕಾರಿನ ನೆಲದಡಿ ಉದ್ದಕ್ಕೆ ಎರಡು ತೆಳು ತಗಡಿನ ಕಾಲುವೆಯಾಕಾರದ ರೈಲುಗಳಿವೆ. ಗೊತ್ತಿಲ್ಲದ ಮೆಕ್ಯಾನಿಕ್‌ಗಳು ಅದಕ್ಕೇ ಜಾಕ್ ಕೊಟ್ಟು ಅಪ್ಪಚ್ಚಿ ಮಾಡಿರುತ್ತಾರೆ. ಹಳೆಯ ಎಂಎಕ್ಸ್-5 ಎತ್ತಿ ನೋಡಿದರೆ ರೈಲು ನೆಟ್ಟಗಿರುವುದೇ ಅಪರೂಪ. ಅದರ ಮೇಲೆ ದಪ್ಪ ತಗಡಿನ ಕವಚ ತೊಡಿಸಿ, ಎಡ ಬಲ ರೈಲುಗಳ ನಡುವೆ ಚಿಟ್ಟೆಯ ರೆಕ್ಕೆಯಂತೆ ಓರೆ ಕಂಬಿಗಳನ್ನು ಹಾಯಿಸುತ್ತಾರೆ. ಕಪಾಟಿನ ಓರೆ ಪಟ್ಟಿಯದೇ ಕೆಲಸ, ಕಾರಿನ ನಡುವಿನಲ್ಲಿ, ಅದು ಅತಿ ಹೆಚ್ಚು ತಿರುಚಿಕೊಳ್ಳುವ ಕಡೆ. ಇದರಿಂದ ಅದುರಾಟ ಕಡಿಮೆಯಾಗುವುದು ಚಾಲಕನಿಗೆ ಕೂಡಲೇ ತಿಳಿಯುತ್ತದೆ.

ಅದೇ ಕಾರಿಗೆ ಮುಂದೆ ಸ್ಟ್ರಟ್ ಬಾರ್ ಹಾಕಿದರೆ ಅಷ್ಟು ಲಾಭವಿಲ್ಲ. ಕಾರಣ, ಎಂಎಕ್ಸ್-5ರ ಮುಂದೆ ಇರುವುದು ಮ್ಯಾಕ್‌ಫರ್ಸನ್ ಸ್ಟ್ರಟ್ ಅಲ್ಲ, ಡಬಲ್ ವಿಶ್‌ಬೋನ್. ಮೇಲಿನ, ಕೆಳಗಿನ ಎರಡೂ ಆರ್ಮ್‌ಗಳು ಸಬ್‌ಫ್ರೇಮ್‌ಗೇ ಸೇರಿವೆ. ಟವರ್‌ಗೆ ಬರುವುದು ಸ್ಪ್ರಿಂಗು ಮತ್ತು ಶಾಕ್ ಅಬ್ಸಾರ್ಬರ್‌ನ ಒತ್ತಡ ಮಾತ್ರ. ಚಕ್ರದ ಕೋನಕ್ಕೂ ಟವರ್‌ಗೂ ನೇರ ಸಂಬಂಧವೇ ಇಲ್ಲ. ಒಂದು ಕಾರಿಗೆ ಮದ್ದಾದ ಕಂಬಿ ಇನ್ನೊಂದಕ್ಕೆ ಮದ್ದಾಗಬೇಕಿಲ್ಲ.

ಬ್ರೇಸ್ ಅಲ್ಲದ ಬ್ರೇಸ್

ಮಾರುಕಟ್ಟೆಯಲ್ಲಿ ಒಂದೇ ಸೆಟ್‌ನಲ್ಲಿ ಸಿಗುವ ಎಲ್ಲ ಕಂಬಿಗಳೂ ಚಾಸಿಸ್ ಬ್ರೇಸ್ ಅಲ್ಲ. ಆ್ಯಂಟಿ ರೋಲ್ ಬಾರ್ ಬಾಡಿಯನ್ನು ಬಿಗಿ ಮಾಡುವುದಿಲ್ಲ. ಅದು ಎಡ ಚಕ್ರವನ್ನೂ ಬಲ ಚಕ್ರವನ್ನೂ ಸೇರಿಸಿ ತಿರುವಿನಲ್ಲಿ ಕಾರು ವಾಲುವುದನ್ನು ತಗ್ಗಿಸುವ ಸ್ಪ್ರಿಂಗ್.

ನಮ್ಮ ಹ್ಯಾಚ್‌ಬ್ಯಾಕ್‌ಗಳ ಮಟ್ಟಿಗೆ ಇದು ಮುಖ್ಯ. ಸ್ವಿಫ್ಟ್, ಪೋಲೋದಂಥ ಕಾರುಗಳ ಹಿಂದೆ ಇರುವುದು ಟಾರ್ಷನ್ ಬೀಮ್, ಎರಡೂ ಹಿಂಚಕ್ರಗಳನ್ನು ಸೇರಿಸುವ, ಬೇಕೆಂದೇ ತಿರುಚಿಕೊಳ್ಳುವಂತೆ ಮಾಡಿದ ತೊಲೆ. ಅದಕ್ಕೆ ಬೋಲ್ಟ್ ಮಾಡುವ ಕಂಬಿ ತೊಲೆಯ ತಿರುಚನ್ನು ತಡೆಯುತ್ತದೆ. ಆಗ ಹಿಂಭಾಗದ ವಾಲುವಿಕೆ ಕಡಿಮೆಯಾಗಿ, ತಿರುವಿನಲ್ಲಿ ಹಿಂದಿನ ಹೊರಚಕ್ರದ ಮೇಲೆ ಭಾರ ಏರುತ್ತದೆ. ಮೂಗು ಚುರುಕಾಗಿ ತಿರುಗುತ್ತದೆ, ಹಿಂಭಾಗದ ಹಿಡಿತ ಆ ಮಟ್ಟಿಗೆ ಇಳಿಯುತ್ತದೆ. ಒಣ ರಸ್ತೆಯಲ್ಲಿ ಖುಷಿ ಕೊಡುವ ಗುಣ ಇದು. ಆಗುಂಬೆಯಲ್ಲಿ ಜುಲೈ ತಿಂಗಳ ಮಳೆಯಲ್ಲಿ ಇಳಿಯುವಾಗ ತಿರುವಿನ ನಡುವೆ ಗಾಬರಿಯಿಂದ ಆಕ್ಸಿಲರೇಟರ್ ಬಿಟ್ಟರೆ ಅದೇ ಗುಣ ಹಿಂಭಾಗವನ್ನು ಜಾರಿಸಬಹುದು. ಚಾಸಿಸ್ ಬ್ರೇಸ್ ಕಾರಿನ ಸ್ವಭಾವವನ್ನು ಇಷ್ಟು ಬದಲಿಸುವುದಿಲ್ಲ. ಹಿಂದಿನ ಈ ಕಂಬಿ ಬದಲಿಸುತ್ತದೆ. ಕೊಳ್ಳುವವರು ಯಾವುದು ಯಾವುದೆಂದು ಕೇಳಿ ತಿಳಿಯಲೇಬೇಕು.

ಕಾರು ಮಗುಚಿದರೆ ಕಾಪಾಡಲೆಂದು ಒಳಗೆ ಕಟ್ಟುವ ಉಕ್ಕಿನ ಕೊಳವೆಗಳ ಪಂಜರ, ಅಂದರೆ ರೋಲ್ ಕೇಜ್ ಕೂಡ ಬಾಡಿಯನ್ನು ತುಂಬ ಬಿಗಿ ಮಾಡುತ್ತದೆ. ಆದರೆ ಅದು ಹೆಲ್ಮೆಟ್ ತೊಟ್ಟು, ರೇಸಿನ ಬೆಲ್ಟ್ ಬಿಗಿದು ಕೂತವರಿಗಾಗಿ ಇರುವುದು. ಊರೊಳಗಿನ ಕಾರಿನಲ್ಲಿ ಬರಿತಲೆಯ ಪಕ್ಕ ಉಕ್ಕಿನ ಕೊಳವೆ ಇರುವುದು ಅಪಾಯ.

ಜಪಾನಿನ ಯಮಾಹಾ ಬೇರೊಂದು ದಾರಿ ಹಿಡಿಯಿತು. ಬಿಗಿ ಕಂಬಿಯ ಬದಲು ಒಳಗೆ ಶಾಕ್ ಅಬ್ಸಾರ್ಬರ್‌ನಂಥ ವ್ಯವಸ್ಥೆ ಇರುವ ಕಂಬಿಯನ್ನು ಬಾಡಿಯ ಎರಡು ಬದಿಗಳ ನಡುವೆ ಹಾಕುವುದು. ಬಾಡಿ ಮಣಿಯುವುದನ್ನು ನಿಲ್ಲಿಸುವುದಕ್ಕಿಂತ, ಮಣಿದು ವಾಪಸು ಬರುವಾಗಿನ ಅದುರಾಟವನ್ನು ಹೀರುವುದು ಅದರ ಉದ್ದೇಶ. 2001ರಲ್ಲಿ ಟೊಯೋಟಾ ಕ್ರೌನ್‌ನ ಒಂದು ಸೀಮಿತ ಆವೃತ್ತಿಯಲ್ಲಿ ಅದು ಮೊದಲು ಬಂತು.

ಕೊಳ್ಳುವಾಗ ಎಲ್ಲಿ ನೋಡಬೇಕು?

ಬಣ್ಣ ಬಿಟ್ಟು ಕಂಬಿಯ ಆಕಾರ ನೋಡಿ. ನೇರ ಕಂಬಿಗೂ ಬಾಗಿದ ಕಂಬಿಗೂ ಇರುವ ಅಂತರ ಕೇಳಿದರೆ ನಂಬುವುದು ಕಷ್ಟ. 25 ಮಿ.ಮೀ. ಅಗಲ, 2 ಮಿ.ಮೀ. ದಪ್ಪದ ಗೋಡೆಯಿರುವ, ಒಂದು ಮೀಟರ್ ಉದ್ದದ ನೇರ ಉಕ್ಕಿನ ಕೊಳವೆಯನ್ನು ಉದ್ದಕ್ಕೆ 1 ಮಿ.ಮೀ. ಕುಗ್ಗಿಸಲು ಸುಮಾರು ಮೂರು ಟನ್ ಒತ್ತಡ ಬೇಕು. ಅದೇ ಕೊಳವೆಯನ್ನು ಎಂಜಿನ್ ತಪ್ಪಿಸಲೆಂದು ಉದ್ದಕ್ಕೂ 50 ಮಿ.ಮೀ. ಮೇಲಕ್ಕೆ ಎತ್ತಿ ಬಾಗಿಸಿ, ತುದಿಗಳನ್ನು ತಿರುಗುವ ಜಾಯಿಂಟ್‌ಗಳಿಂದ ಕೂರಿಸಿದರೆ 80 ಕೆ.ಜಿ. ಒತ್ತಡಕ್ಕೇ ತುದಿಗಳು 1 ಮಿ.ಮೀ. ಹತ್ತಿರ ಬರುತ್ತವೆ. ಹೆಚ್ಚುಕಡಿಮೆ ನಲವತ್ತು ಪಟ್ಟು ನಷ್ಟ. ಕೊಳವೆ ಕುಗ್ಗುವ ಬದಲು ಬಿಲ್ಲಿನಂತೆ ಬಾಗುತ್ತದೆ, ಅದಕ್ಕೆ. ಬಾಗು ಅನಿವಾರ್ಯವಾದರೆ ಕೊಳವೆ ದಪ್ಪವಾಗಿರಬೇಕು, ತುದಿಯ ಪ್ಲೇಟಿಗೆ ವೆಲ್ಡ್ ಆಗಿರಬೇಕು.

ಅಲ್ಯುಮಿನಿಯಂ ಕಂಬಿ ಹಗುರ, ನಿಜ. ಆದರೆ ಅದೇ ಅಳತೆಯ ಉಕ್ಕಿಗೆ ಹೋಲಿಸಿದರೆ ಬಿಗಿತ ಮೂರನೇ ಒಂದು ಪಾಲು. ಅದನ್ನು ಸರಿದೂಗಿಸುವಷ್ಟು ದಪ್ಪವಿದ್ದರೆ ತೊಂದರೆಯಿಲ್ಲ. ತುದಿಯ ಪ್ಲೇಟ್ ತೆಳುವಾಗಿದ್ದರಂತೂ ನಡುವಿನ ಕಂಬಿ ಎಷ್ಟೇ ಗಟ್ಟಿಯಿದ್ದರೂ ಮಣಿಯುವುದು ಆ ಪ್ಲೇಟೇ.

ಇದಕ್ಕೂ ಮೊದಲು ಕಾರನ್ನೇ ನೋಡಬೇಕು. ಲೋಯರ್ ಆರ್ಮ್‌ನ ಕೀಲಿನಲ್ಲಿ ಸವೆದ ರಬ್ಬರ್ ಬುಷ್, ಸೋರುವ ಶಾಕ್ ಅಬ್ಸಾರ್ಬರ್, ಗಟ್ಟಿಯಾದ ಹಳೇ ಟೈರು, ತಪ್ಪಿದ ವೀಲ್ ಅಲೈನ್‌ಮೆಂಟ್, ಇವುಗಳಲ್ಲಿ ಒಂದಿದ್ದರೂ ಬ್ರೇಸ್‌ನ ಪರಿಣಾಮ ಅದರಲ್ಲಿ ಮುಚ್ಚಿಹೋಗುತ್ತದೆ. ರಬ್ಬರ್ ಬುಷ್ ಒಂದೇ ಹಲವು ಮಿ.ಮೀ. ಮಣಿಯುತ್ತಿರುವಾಗ ಬಾಡಿಯ ಒಂದು ಮಿ.ಮೀ. ಹಿಡಿಯುವುದರಲ್ಲಿ ಅರ್ಥವಿಲ್ಲ. ಕರಾವಳಿಯಲ್ಲಿ ಓಡಿದ ಹಳೇ ಕಾರಾದರೆ ಬಾಗಿಲ ಕೆಳಗಿನ ಭಾಗ, ಟವರ್‌ನ ಸುತ್ತ ತುಕ್ಕು ಇದೆಯೇ ನೋಡಿ. ತುಕ್ಕು ಹಿಡಿದ ತಗಡಿಗೆ ಬ್ರೇಸ್ ಬೋಲ್ಟ್ ಮಾಡಿದರೆ ಭಾರವೆಲ್ಲ ಆ ಬೋಲ್ಟಿನ ಸುತ್ತಲಿಗೇ ಬಂದು ತಗಡು ಸೀಳುತ್ತದೆ. ಮೊದಲು ಟಿಂಕರಿಂಗ್ ಕೆಲಸ ಆಗಲಿ.

ಕೂರಿಸುವಾಗ, ಕೂರಿಸಿದ ಮೇಲೆ

ಸ್ಟ್ರಟ್ ಬಾರ್ ಕೂರಿಸುವಾಗ ಕಾರು ಸಮನೆಲದಲ್ಲಿ ತನ್ನ ನಾಲ್ಕು ಚಕ್ರಗಳ ಮೇಲೆ ನಿಂತಿರಬೇಕು. ಒಂದು ಮೂಲೆಗೆ ಜಾಕ್ ಕೊಟ್ಟು ಬಿಗಿದರೆ ಬಾಡಿ ತಿರುಚಿಕೊಂಡ ಸ್ಥಿತಿಯಲ್ಲೇ ಬ್ರೇಸ್ ಹಿಡಿದುಕೊಳ್ಳುತ್ತದೆ. ಟವರ್ ನಟ್ಟು ಬಿಚ್ಚಿ ಪ್ಲೇಟ್ ಇಟ್ಟು ಮತ್ತೆ ನಟ್ಟು ಹಾಕಿದಾಗ ಸ್ಟಡ್‌ನ, ಅಂದರೆ ಟವರ್‌ನಿಂದ ಮೇಲೆ ಚಾಚಿದ ಬೋಲ್ಟಿನ, ಥ್ರೆಡ್ ನಟ್ಟಿನಿಂದ ಹೊರಗೆ ಒಂದೆರಡು ಸುತ್ತಾದರೂ ಕಾಣಬೇಕು. ಪ್ಲೇಟ್ ದಪ್ಪವಾಗಿದ್ದು ಸ್ಟಡ್ ಒಳಗೇ ಉಳಿದರೆ ಆ ಬ್ರೇಸ್ ನಿಮ್ಮ ಕಾರಿನದಲ್ಲ. ಬಿಗಿಯುವುದು ಎಷ್ಟು ಬಿಗಿಯಿತೆಂದು ಅಳೆಯುವ ಟಾರ್ಕ್ ರೆಂಚ್‌ನಲ್ಲಿ, ಕಾರಿನ ಸರ್ವಿಸ್ ಮ್ಯಾನ್ಯುಯಲ್ ಹೇಳಿದಷ್ಟೇ. ಅಂದಾಜಿನಲ್ಲಿ ಎಳೆದರೆ ಆ ಸಣ್ಣ ಸ್ಟಡ್‌ಗಳು ತುಂಡಾಗುತ್ತವೆ. ಬಾನೆಟ್ ಮುಚ್ಚುವ ಮುನ್ನ ಕಂಬಿಯ ಮೇಲೆ ಒಂದಿಷ್ಟು ಹಿಟ್ಟಿನ ಉಂಡೆ ಇಟ್ಟು ಮೆಲ್ಲಗೆ ಮುಚ್ಚಿ ತೆಗೆದರೆ ಎಷ್ಟು ಸಂದು ಉಳಿದಿದೆ ಎಂದು ತಿಳಿಯುತ್ತದೆ.

ಆ ಸಂದು ಬಾನೆಟ್ ತಾಗದಿರಲಿ ಎಂದಷ್ಟೇ ಅಲ್ಲ. ಅಪಘಾತದಲ್ಲಿ ಪಾದಚಾರಿಯ ತಲೆ ಬಾನೆಟ್‌ಗೆ ಬಡಿದಾಗ ತಗಡು ಒಳಕ್ಕೆ ಬಾಗಿ ಪೆಟ್ಟು ಹೀರಲಿ ಎಂದು ಕಂಪನಿಗಳು ಎಂಜಿನ್ ಮೇಲೆ ಜಾಗ ಬಿಟ್ಟಿರುತ್ತವೆ. ಎತ್ತರದ ಕಂಬಿ ಆ ಜಾಗ ತಿನ್ನುತ್ತದೆ. ಒಂದು ಬದಿಯ ಟವರ್‌ಗೆ ಬಿದ್ದ ಹೊಡೆತವನ್ನು ಕಂಬಿ ಇನ್ನೊಂದು ಬದಿಗೂ ದಾಟಿಸಬಲ್ಲದು, ಆಗ ರಿಪೇರಿ ಎರಡೂ ಕಡೆಗೆ ಬರುತ್ತದೆ. ಹೊಟ್ಟೆಯಡಿಯ ಬ್ರೇಸ್‌ಗಳು ನೆಲದಿಂದಿರುವ ಎತ್ತರವನ್ನು ಕಡಿಮೆ ಮಾಡುತ್ತವೆ. ನಮ್ಮ ಊರುಗಳ ಹಂಪ್‌ಗಳಿಗೆ ಅದು ಬಡಿದು ಬಾಗಿದರೆ ಅದನ್ನು ಹಿಡಿದಿರುವ ಬಾಡಿಯ ಜಾಗವೂ ಜೊತೆಗೇ ಬಾಗುತ್ತದೆ. ಪಂಕ್ಚರ್ ಅಂಗಡಿಯಲ್ಲಿ ಅದಕ್ಕೆ ಜಾಕ್ ಕೊಡದಂತೆ ಮೊದಲೇ ಹೇಳಿ.

ಕಾನೂನಿನ ವಿಷಯ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್.ಸಿ.ಯಲ್ಲಿರುವ ವಿವರಗಳು ತಯಾರಕರು ಮೊದಲು ಕೊಟ್ಟ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಈ ನಿಯಮವನ್ನು ಬಿಗಿಯಾಗಿ ಓದಿ ತೀರ್ಪು ಕೊಟ್ಟಿತು. ಬಾಡಿ ಕತ್ತರಿಸುವ, ವೆಲ್ಡ್ ಮಾಡುವ ಕೆಲಸದಿಂದ ದೂರವಿರುವುದೇ ಕ್ಷೇಮ. ಇದ್ದ ಬೋಲ್ಟುಗಳಿಗೇ ಕೂರುವ, ಬೇಕಾದಾಗ ಬಿಚ್ಚಬಹುದಾದ ಬ್ರೇಸ್ ಆದರೂ ವಿಮಾ ಕಂಪನಿಗೆ ಬರಹದಲ್ಲಿ ತಿಳಿಸಿ, ಅವರ ಉತ್ತರ ಇಟ್ಟುಕೊಳ್ಳಿ. ವಾರಂಟಿ ಇನ್ನೂ ಇದ್ದರೆ ಡೀಲರ್ ಬಳಿಯೂ ಕೇಳಿ.

ಕೂರಿಸಿದ ಮೇಲೆ ಪರಿಣಾಮ ನೋಡಲು ಸುಲಭದ ದಾರಿಯಿದೆ. ಪರಿಚಿತ ರಸ್ತೆಯೊಂದರಲ್ಲಿ, ಟೈರಿಗೆ ಅಷ್ಟೇ ಗಾಳಿ ಇರುವಾಗ, ಮಾಮೂಲಿ ವೇಗದಲ್ಲೇ ಓಡಿಸಿ. ಆಮೇಲೆ ಗೆಳೆಯರೊಬ್ಬರಿಗೆ ಹೇಳಿ, ನಡುವಿನ ಕಂಬಿ ಪ್ಲೇಟ್‌ಗಳಿಂದ ಬೇರೆ ಮಾಡಬಹುದಾದದ್ದಾದರೆ ಅದನ್ನು ತೆಗೆಸಿ ಅಥವಾ ಹಾಗೇ ಬಿಡಿಸಿ, ಯಾವುದೆಂದು ನಿಮಗೆ ಹೇಳದಂತೆ. ಟವರ್ ನಟ್ಟುಗಳನ್ನು ಮಾತ್ರ ಸಡಿಲಿಸಕೂಡದು. ಮತ್ತೆ ಅದೇ ರಸ್ತೆಯಲ್ಲಿ ಓಡಿಸಿ ವ್ಯತ್ಯಾಸ ಹೇಳಲು ಆದರೆ ಕಂಬಿ ಕೆಲಸ ಮಾಡುತ್ತಿದೆ. ಹೇಳಲಾಗದಿದ್ದರೆ ಮುಂದಿನ ಖರ್ಚು ಒಳ್ಳೆಯ ಟೈರುಗಳಿಗೆ ಹೋಗಲಿ. ಕೆಲವು ನೂರು ಕಿ.ಮೀ. ಓಡಿದ ಬಳಿಕ ಎಲ್ಲ ನಟ್ಟುಗಳನ್ನೂ ಇನ್ನೊಮ್ಮೆ ಟಾರ್ಕ್ ರೆಂಚ್‌ನಲ್ಲಿ ಪರೀಕ್ಷಿಸಿ, ಟವರ್ ನಟ್ಟು ಬಿಚ್ಚಿದ್ದರಿಂದ ವೀಲ್ ಅಲೈನ್‌ಮೆಂಟ್ ಕೂಡ ಒಮ್ಮೆ ನೋಡಿಸಿ.